ಸಣ್ಣ ನಗರಗಳ ಆಯವ್ಯಯ: ಹಣದ ಮುಗ್ಗಟ್ಟಿನಲ್ಲಿ ನಾಗರಿಕ ಸೇವೆಗಳ ನಿರ್ವಹಣೆ

ಆರ್ಥಿಕ ಹಿಂಜರಿತ, ಬರ, ಸಾಂಕ್ರಾಮಿಕ ರೋಗ, ಊರಿಗೆ ಅನ್ನ ಕೊಡುತ್ತಿದ್ದ ಕಾರ್ಖಾನೆಯ ಮುಚ್ಚುಗಡೆ ಮುಂತಾದ ಕಾರಣಗಳಿಂದ ವರಮಾನ ಕುಸಿದಾಗ ಸಣ್ಣ ನಗರದ ಸ್ಥಳೀಯ ಸಂಸ್ಥೆ ನೀರು, ನೈರ್ಮಲ್ಯ, ಬೀದಿದೀಪ, ರಸ್ತೆ ಮೊದಲಾದ ಸೇವೆಗಳನ್ನು ನಿಲ್ಲಿಸದೆ ನಡೆಸಿಕೊಂಡು ಹೋಗುವ ಕ್ರಮವೇ ಈ ಲೇಖನದ ವಿಷಯ. ದೊಡ್ಡ ನಗರಕ್ಕೆ ವರಮಾನದ ದಾರಿಗಳು ಹಲವು. ಒಂದು ಕಡೆ ಕಟ್ಟಿಕೊಂಡರೆ ಇನ್ನೊಂದು ಕಡೆಯಿಂದ ಹಣ ಬರುತ್ತದೆ. ಸಣ್ಣ ಊರಿಗೆ ಆ ಅನುಕೂಲವಿಲ್ಲ. ಒಂದು ಗಿರಣಿ, ಒಂದು ಗಣಿ, ಒಂದು ಎಪಿಎಂಸಿ ಯಾರ್ಡು, ಒಂದು ಬೆಳೆಯ ಧಾರಣೆ ಇಷ್ಟರ ಮೇಲೆಯೇ ಊರಿನ ಅಂಗಡಿ, ಮನೆ ಬಾಡಿಗೆ, ಸೈಟಿನ ಬೆಲೆ, ಕೊನೆಗೆ ಪುರಸಭೆಯ ಗಲ್ಲಾಪೆಟ್ಟಿಗೆ ನಿಂತಿರುತ್ತವೆ. ಖರ್ಚು ಮಾತ್ರ ವರಮಾನದ ಜೊತೆ ಇಳಿಯುವುದಿಲ್ಲ. ಊರಿನಲ್ಲಿ ವ್ಯಾಪಾರ ಅರ್ಧವಾಯಿತೆಂದು ಕಸ ಅರ್ಧವಾಗುವುದಿಲ್ಲ, ನೀರೆತ್ತುವ ಪಂಪು ಅರ್ಧ ಹೊತ್ತು ಓಡಿದರೆ ಸಾಲುವುದಿಲ್ಲ. ಮುಗ್ಗಟ್ಟಿಗೆ ಸಿಕ್ಕಿದ ಊರುಗಳ ಇತಿಹಾಸ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಕೊರತೆಯಿಂದ ಆದ ಹಾನಿಗಿಂತ, ಆ ಕೊರತೆಯನ್ನು ವರ್ಷಗಟ್ಟಲೆ ಲೆಕ್ಕಪುಸ್ತಕದಲ್ಲಿ ಮುಚ್ಚಿಟ್ಟದ್ದರಿಂದ ಆದ ಹಾನಿ ದೊಡ್ಡದು.

ಕಾನೂನಿನ ಚೌಕಟ್ಟು

ಕರ್ನಾಟಕದಲ್ಲಿ 1964ರ ಪೌರಸಭೆಗಳ ಅಧಿನಿಯಮದಡಿ ಸ್ಥೂಲವಾಗಿ 10 ಸಾವಿರದಿಂದ 20 ಸಾವಿರ ಜನಸಂಖ್ಯೆಯ ಊರಿಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ ಇರುತ್ತದೆ. ಅದಕ್ಕೂ ಮೇಲಿನವು ಮಹಾನಗರಪಾಲಿಕೆಗಳು; ಬೆಂಗಳೂರನ್ನು ಬಿಟ್ಟರೆ ಅವುಗಳದು 1976ರ ಬೇರೆ ಕಾಯ್ದೆ. ರಾಜ್ಯದಲ್ಲಿ ಎಲ್ಲ ಬಗೆಯ ನಗರ ಸ್ಥಳೀಯ ಸಂಸ್ಥೆಗಳು ಸೇರಿ 300ಕ್ಕೂ ಹೆಚ್ಚು ಇದ್ದು, ಅವುಗಳಲ್ಲಿ ಬಹುಪಾಲು ಸಣ್ಣವೇ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇವಕ್ಕೆ ಸಾಂವಿಧಾನಿಕ ಸ್ಥಾನ ಕೊಟ್ಟಿತು. 12ನೇ ಅನುಸೂಚಿಯಲ್ಲಿ 18 ಕೆಲಸಗಳನ್ನು ಪಟ್ಟಿ ಮಾಡಿತು. ಆದರೆ ಆ ಕೆಲಸಗಳಿಗೆ ಹಣ ತರಬಲ್ಲ ತೆರಿಗೆಗಳ ಪಟ್ಟಿಯನ್ನು ಅದು ಮಾಡಲಿಲ್ಲ. ಯಾವ ತೆರಿಗೆ ಊರಿಗೆ ಸೇರಬೇಕು ಎಂಬ ತೀರ್ಮಾನ ರಾಜ್ಯದ ಕೈಯಲ್ಲೇ ಉಳಿಯಿತು. ಭಾರತೀಯ ರಿಸರ್ವ್ ಬ್ಯಾಂಕ್ 2022ರ ನವೆಂಬರ್‌ನಲ್ಲಿ ಹೊರತಂದ ಪೌರಸಂಸ್ಥೆಗಳ ಹಣಕಾಸು ವರದಿಯ ಪ್ರಕಾರ ದೇಶದ ಎಲ್ಲ ಪೌರಸಂಸ್ಥೆಗಳ ಆದಾಯ ಮತ್ತು ವೆಚ್ಚ ಒಂದು ದಶಕದಿಂದ ಒಟ್ಟು ದೇಶೀಯ ಉತ್ಪನ್ನದ ಶೇ 1ರ ಆಸುಪಾಸಿನಲ್ಲೇ ನಿಂತಿದೆ. ಬ್ರೆಜಿಲ್‌ನಲ್ಲಿ ಅದು ಶೇ 7ನ್ನು ಮೀರಿದೆ. ಹೀಗಾಗಿ ನಮ್ಮ ಸಣ್ಣ ಊರುಗಳಿಗೆ ಒಳ್ಳೆಯ ಕಾಲದಲ್ಲೂ ಕೈ ಬಿಗಿಯೇ.

ವರಮಾನ

ಪುರಸಭೆಗೆ ತನ್ನದೆಂದು ಹೇಳಿಕೊಳ್ಳಬಹುದಾದ ದೊಡ್ಡ ಮೂಲ ಆಸ್ತಿ ತೆರಿಗೆ. ಉಳಿದವು ನೀರಿನ ಕರ, ಮಳಿಗೆಗಳ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ, ಕಟ್ಟಡ ಪರವಾನಗಿ ಮತ್ತು ಅಭಿವೃದ್ಧಿ ಶುಲ್ಕ, ಖಾತೆ ಬದಲಾವಣೆ ಶುಲ್ಕ, ಸಂತೆ ಮತ್ತು ದಿನವಹಿ ಮಾರುಕಟ್ಟೆಯ ಜಕಾತಿ ಹರಾಜು. ಹಿಂದೆ ಊರ ಬಾಗಿಲಲ್ಲಿ ಸರಕಿನ ಮೇಲೆ ವಸೂಲಾಗುತ್ತಿದ್ದ ಆಕ್ಟ್ರಾಯ್ ಸುಂಕ ಕರ್ನಾಟಕದಲ್ಲಿ 1979ರಲ್ಲಿ ರದ್ದಾಯಿತು. ವ್ಯಾಪಾರ ಬೆಳೆದಂತೆ ತಾನೇ ಬೆಳೆಯುವ ಏಕೈಕ ಸ್ಥಳೀಯ ಮೂಲ ಅದಾಗಿತ್ತು. ಅದರ ಬದಲಿಗೆ ಬಂದದ್ದು ಸರ್ಕಾರದ ಅನುದಾನ. ವೃತ್ತಿ ತೆರಿಗೆಯನ್ನು ಹಲವು ರಾಜ್ಯಗಳಲ್ಲಿ ಸ್ಥಳೀಯ ಸಂಸ್ಥೆಗಳೇ ವಸೂಲಿ ಮಾಡುತ್ತವೆ. ಕರ್ನಾಟಕದಲ್ಲಿ ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ.

ಆಸ್ತಿ ತೆರಿಗೆಯ ರಸೀದಿಯಲ್ಲಿ ಕಾಣುವ ಮೊತ್ತವೂ ಪೂರ್ತಿ ಊರಿನದಲ್ಲ. ತೆರಿಗೆಯ ಮೇಲೆ ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3, ಜೊತೆಗೆ ಆರೋಗ್ಯ ಸೆಸ್ ಮುಂತಾದವು ಸೇರಿರುತ್ತವೆ. ಗ್ರಂಥಾಲಯ, ಭಿಕ್ಷುಕರ ಪುನರ್ವಸತಿಯಂಥ ಬಾಬುಗಳಿಗೆ ವಸೂಲಾದದ್ದನ್ನು ಆಯಾ ಇಲಾಖೆಗೆ ಕಟ್ಟಬೇಕು. ಕೈ ಬಿಗಿಯಾದಾಗ ಮೊದಲು ನಿಲ್ಲುವುದು ಈ ಪಾವತಿಯೇ. ಊರಿನ ಗ್ರಂಥಾಲಯಕ್ಕೆ ಪುಸ್ತಕ ಬರದಿರುವುದಕ್ಕೆ ಇದೂ ಒಂದು ಕಾರಣ. ತೆರಿಗೆದಾರರಿಂದ ಪುಸ್ತಕಕ್ಕೆಂದು ಪಡೆದ ಹಣವನ್ನು ಬೇರೆಡೆ ತಿರುಗಿಸುವುದನ್ನು ತಾತ್ಕಾಲಿಕ ಹೊಂದಾಣಿಕೆ ಎಂದು ಕರೆಯುವ ರೂಢಿ ಸರಿಯಲ್ಲ. ಅದು ಸಾಲ, ಸಾಲವೆಂದೇ ಲೆಕ್ಕದಲ್ಲಿ ಕಾಣಬೇಕು.

ಇನ್ನೊಂದು ದೊಡ್ಡ ಆಸರೆ ರಾಜ್ಯ ಹಣಕಾಸು ಆಯೋಗದ ಅನುದಾನ. ಕಚೇರಿಗಳಲ್ಲಿ ಎಲ್ಲರೂ ಇದನ್ನು ಎಸ್‌ಎಫ್‌ಸಿ ಎಂದೇ ಕರೆಯುತ್ತಾರೆ. ಜಿ. ತಿಮ್ಮಯ್ಯ ಅಧ್ಯಕ್ಷತೆಯ ಮೊದಲ ಆಯೋಗ 1994ರಲ್ಲಿ ರಚನೆಯಾಯಿತು. ಈ ಅನುದಾನದಲ್ಲಿ ಕಾಯಂ ನೌಕರರ ವೇತನದ ಭಾಗ ಬೇರೆ, ವಿದ್ಯುತ್ ಬಿಲ್ಲಿನ ಭಾಗ ಬೇರೆ. ವಿದ್ಯುತ್ತಿನ ಹಣ ಎಷ್ಟೋ ಸಲ ಪುರಸಭೆಯ ಕೈಗೆ ಬಾರದೆ ನೇರವಾಗಿ ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ ಸಂದಾಯವಾಗುತ್ತದೆ. ಬಿಡಿಯಾಗಿ ಉಳಿದ ಹಣದಲ್ಲೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಮೀಸಲಿಡಬೇಕು. ಈ ಮೀಸಲು ನ್ಯಾಯವಾದದ್ದು, ಕಷ್ಟಕಾಲದಲ್ಲಿ ಮುಟ್ಟಲೇಬಾರದಂಥದ್ದು; ಊರಿನ ವರಮಾನ ಕುಸಿದಾಗ ಮೊದಲ ಪೆಟ್ಟು ಬೀಳುವುದು ಈ ಮನೆಗಳ ಮೇಲೆಯೇ. ಕೇಂದ್ರದ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ದೇಶದ ನಗರ ಸಂಸ್ಥೆಗಳಿಗೆ ಸುಮಾರು 1.21 ಲಕ್ಷ ಕೋಟಿ ರೂಪಾಯಿ ಶಿಫಾರಸು ಮಾಡಿತು. 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಬರುವ ಪಾಲಿನಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದದ್ದು. ಲೆಕ್ಕಪರಿಶೋಧನೆಯಾದ ಲೆಕ್ಕಪತ್ರವನ್ನು ಸಾರ್ವಜನಿಕರಿಗೆ ಕಾಣುವಂತೆ ಆನ್‌ಲೈನ್‌ನಲ್ಲಿ ಇಡಬೇಕು, ಆಸ್ತಿ ತೆರಿಗೆ ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಗೆ ತಕ್ಕಂತೆ ಏರಬೇಕು ಎಂಬ ಷರತ್ತುಗಳೂ ಇದ್ದವು. ಇವನ್ನೆಲ್ಲ ಕಳೆದರೆ, ಮುಖ್ಯಾಧಿಕಾರಿ ಮತ್ತು ಕೌನ್ಸಿಲ್ ಕೂಡಿ ‘ಇದನ್ನು ಇಲ್ಲಿಗೆ ಖರ್ಚು ಮಾಡೋಣ’ ಎಂದು ಸ್ವತಂತ್ರವಾಗಿ ನಿರ್ಧರಿಸಬಹುದಾದ ಹಣ ಬಹಳ ಸಣ್ಣದು. ಮುಗ್ಗಟ್ಟು ಬಂದಾಗ ಕತ್ತರಿ ಬೀಳುವುದು ಆ ಸಣ್ಣ ಭಾಗದ ಮೇಲೆ.

ಬಜೆಟ್ ಪುಸ್ತಕ

ಪುರಸಭೆಯ ಬಜೆಟ್ ಪುಸ್ತಕದಲ್ಲಿ ಪ್ರತಿ ಬಾಬಿನ ಎದುರು ಮೂರು ಅಂಕಣಗಳನ್ನು ಮುಖ್ಯವಾಗಿ ನೋಡಬೇಕು: ಹಿಂದಿನ ವರ್ಷ ನಿಜವಾಗಿ ಬಂದದ್ದು ಅಥವಾ ಖರ್ಚಾದದ್ದು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಬಜೆಟ್ ಸಭೆಯಲ್ಲಿ ಓದುವುದು ಮೂರನೆಯದನ್ನು; ಪತ್ರಿಕೆಯಲ್ಲಿ ‘ಇಷ್ಟು ಲಕ್ಷದ ಉಳಿತಾಯ ಬಜೆಟ್’ ಎಂದು ಬರುವುದೂ ಅದೇ. ಕೊರತೆ ತೋರಿಸುವ ಬಜೆಟ್ಟನ್ನು ಮಂಡಿಸುವ ರೂಢಿ ಇಲ್ಲವಾದ್ದರಿಂದ ಕೊರತೆ ಇದ್ದರೂ ಅಂದಾಜು ಉಬ್ಬುತ್ತದೆ. ಮಳಿಗೆ ಹರಾಜಿನಿಂದ ಇಷ್ಟು, ರಾಜ್ಯದ ನಗರೋತ್ಥಾನ ಯೋಜನೆಯಿಂದ ಇಷ್ಟು, ಹಳೆ ಬಾಕಿ ವಸೂಲಿಯಿಂದ ಇಷ್ಟು ಎಂದು ಬರೆದುಕೊಂಡು ವೆಚ್ಚದ ಪಟ್ಟಿಯನ್ನು ಅದಕ್ಕೆ ಸರಿದೂಗಿಸಲಾಗುತ್ತದೆ. ಬರಬೇಕಾದದ್ದು ಬಾರದೆ ಹೋದಾಗ ಕೆಲಸ ಆಗಿರುತ್ತದೆ, ಬಿಲ್ಲು ನಿಂತಿರುತ್ತದೆ.

ಹಳೆಯ ನಗದು ಲೆಕ್ಕದಲ್ಲಿ ಈ ನಿಂತ ಬಿಲ್ಲು ಕಾಣುತ್ತಲೇ ಇರಲಿಲ್ಲ. ಹಣ ಕೊಟ್ಟ ದಿನವೇ ಅದು ಖರ್ಚು. ಕೊಡದಿದ್ದರೆ ಖರ್ಚೇ ಇಲ್ಲ. ಕರ್ನಾಟಕ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಮೂಲಕ ಜೋಡಿ ನಮೂದು ಪದ್ಧತಿಗೆ ಬದಲಾಯಿತು. ಈ ಪದ್ಧತಿಯಲ್ಲಿ ಕೊಡಬೇಕಾದ ಹಣ, ಬರಬೇಕಾದ ಹಣ, ಆಸ್ತಿಯ ಸವಕಳಿ ಎಲ್ಲಕ್ಕೂ ಜಾಗವಿದೆ. ದೇಶದ ಬೇರೆ ಹಲವು ರಾಜ್ಯಗಳಿಗಿಂತ ಮೊದಲೇ ಆದ ಒಳ್ಳೆಯ ಸುಧಾರಣೆ ಇದು. ಆದರೆ ಅನೇಕ ಸಣ್ಣ ಊರುಗಳಲ್ಲಿ ಲೆಕ್ಕಪತ್ರವನ್ನು ವರ್ಷಾಂತ್ಯದಲ್ಲಿ ಹೊರಗಿನ ಲೆಕ್ಕಿಗರಿಂದ ಬರೆಸುವುದರಿಂದ, ಕೌನ್ಸಿಲ್ಲಿನ ತೀರ್ಮಾನಗಳಿಗೆ ಅದು ಸಕಾಲದಲ್ಲಿ ಒದಗುವುದಿಲ್ಲ.

ಅಮೆರಿಕದಲ್ಲಿ ನಗರವೊಂದು ದಿವಾಳಿ ಸಂಹಿತೆಯ 9ನೇ ಅಧ್ಯಾಯದಡಿ ನ್ಯಾಯಾಲಯದ ರಕ್ಷಣೆ ಕೇಳಬಹುದು. ಭಾರತದಲ್ಲಿ ಅಂಥ ದಾರಿ ಇಲ್ಲ. ಇಲ್ಲಿ ಊರು ದಿವಾಳಿಯಾಗುವುದಿಲ್ಲ, ಬಾಕಿದಾರನಾಗುತ್ತದೆ. ವಿದ್ಯುತ್ ಕಂಪನಿಗೆ ಬಾಕಿ, ಗುತ್ತಿಗೆದಾರರಿಗೆ ಬಾಕಿ, ಹೊರಗುತ್ತಿಗೆ ನೌಕರರ ಭವಿಷ್ಯ ನಿಧಿಗೆ ಬಾಕಿ.

ವರ್ಷದ ಗತಿ

ಸಣ್ಣ ಊರಿನ ಹಣದ ಹರಿವಿಗೆ ಒಂದು ಋತುಮಾನವಿದೆ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ. ಗಡುವು ಮೀರಿದವರಿಗೆ ಜುಲೈನಿಂದ ತಿಂಗಳಿಗೆ ಶೇ 2 ದಂಡ. ರಿಯಾಯಿತಿಯ ಆಸೆಗೆ ಏಪ್ರಿಲ್‌ನಲ್ಲಿ ಒಂದಷ್ಟು ಬರುತ್ತದೆ. ಆಮೇಲೆ ದೀರ್ಘ ಮೌನ. ಫೆಬ್ರುವರಿ, ಮಾರ್ಚ್ ಬಂತೆಂದರೆ ಬಿಲ್ ಕಲೆಕ್ಟರುಗಳು ಮನೆ ಮನೆ ಹತ್ತಿ ಇಳಿಯುತ್ತಾರೆ, ಆಟೊದಲ್ಲಿ ಮೈಕ್ ಕಟ್ಟಿ ಕೂಗಿಸುತ್ತಾರೆ, ಬಾಕಿ ಉಳಿಸಿದ ಮಳಿಗೆಗಳಿಗೆ ಬೀಗ ಜಡಿಯುತ್ತಾರೆ. 2020ರ ಮಾರ್ಚ್ 25ಕ್ಕೆ ಕೋವಿಡ್ ಲಾಕ್‌ಡೌನ್ ಶುರುವಾದದ್ದು ಸರಿಯಾಗಿ ಈ ಎರಡು ಸುಗ್ಗಿಗಳ ನಡುವೆ. ವರ್ಷಾಂತ್ಯದ ವಸೂಲಿ ನಿಂತಿತು, ಏಪ್ರಿಲ್‌ನ ರಿಯಾಯಿತಿ ಅವಧಿಯನ್ನು ಮುಂದೂಡಬೇಕಾಯಿತು, ಸಂತೆಗಳು ನಿಂತು ಜಕಾತಿ ಹೋಯಿತು, ಮಳಿಗೆದಾರರು ಬಾಡಿಗೆ ಮನ್ನಾ ಕೇಳಿದರು. ಅದೇ ವಾರಗಳಲ್ಲಿ ಬೀದಿಗೆ ಸೋಂಕುನಿವಾರಕ ಸಿಂಪಡಿಸಿ, ಸೀಲ್‌ಡೌನ್ ಮಾಡಿದ ಓಣಿಗಳಿಂದ ಕಸ ತಂದವರು ಪೌರಕಾರ್ಮಿಕರು. ಖರ್ಚು ಅತಿ ಹೆಚ್ಚಾದ ತಿಂಗಳೇ ವರಮಾನ ಅತಿ ಕಡಿಮೆಯಾದ ತಿಂಗಳಾಯಿತು. ಎರಡು ಮೂರು ತಿಂಗಳ ಸಂಬಳ ಮತ್ತು ಪಂಪಿಂಗ್ ವೆಚ್ಚಕ್ಕೆ ಸಾಲುವಷ್ಟು ಹಣವನ್ನು ಮೀಸಲಾಗಿ ಇಟ್ಟುಕೊಳ್ಳುವ ಪದ್ಧತಿ ನಮ್ಮ ಪುರಸಭೆಗಳಲ್ಲಿ ಬೆಳೆದಿದ್ದರೆ ಆ ವರ್ಷ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆದರೆ ಖರ್ಚಾಗದೆ ಉಳಿದ ಹಣ ಮೇಲಿನ ಕಚೇರಿಯ ಕಣ್ಣಿಗೆ ಕೆಲಸದ ಹಿನ್ನಡೆಯಾಗಿ ಕಾಣುವುದರಿಂದ ಉಳಿಸುವ ಊರಿಗೆ ಪ್ರೋತ್ಸಾಹವಿಲ್ಲ.

ಕತ್ತರಿ ಬೀಳುವ ಜಾಗ

ವರಮಾನ ಕುಸಿದಾಗ ಯಾವುದನ್ನು ಕಡಿಮೆ ಮಾಡುವುದು? ಕಾಯಂ ಸಂಬಳ ಮುಟ್ಟುವಂತಿಲ್ಲ. ಉದ್ಘಾಟನೆಯ ಕಲ್ಲು ಹಾಕಿಸಬಹುದಾದ ಕಾಮಗಾರಿಯನ್ನು ಸದಸ್ಯರು ಬಿಡಲೊಲ್ಲರು. ಕಣ್ಣಿಗೆ ಕಾಣದ್ದು ಒಂದೇ, ನಿರ್ವಹಣೆ. ಮುಗ್ಗಟ್ಟಿನಲ್ಲಿ ಸಣ್ಣ ಊರುಗಳು ಮಾಡುವ ಅತಿ ದುಬಾರಿ ಉಳಿತಾಯ ಇದು.

ನದಿ ಅಥವಾ ಕೆರೆಯಿಂದ ಊರಿಗೆ ನೀರೆತ್ತುವ ಜಾಕ್‌ವೆಲ್ಲನ್ನೇ ನೋಡಬಹುದು. ಅಲ್ಲಿ ಸಾಮಾನ್ಯವಾಗಿ ಓಡುವ ಪಂಪಿನ ಜೊತೆಗೆ ಒಂದು ಸ್ಟ್ಯಾಂಡ್‌ಬೈ ಇರುತ್ತದೆ. ಸ್ಟ್ಯಾಂಡ್‌ಬೈ ಮೋಟಾರಿನ ವೈಂಡಿಂಗ್ ಸುಟ್ಟರೆ ಊರಿಗೆ ಗೊತ್ತಾಗುವುದಿಲ್ಲ, ನೀರು ಬರುತ್ತಲೇ ಇರುತ್ತದೆ. ರಿಪೇರಿಯ ಕಡತಕ್ಕೆ ‘ಅನುದಾನ ಬಂದ ನಂತರ’ ಎಂಬ ಷರಾ ಬೀಳುತ್ತದೆ. ಇರುವ ಒಂದೇ ಪಂಪು ಬಿಡುವಿಲ್ಲದೆ ಓಡುತ್ತದೆ, ಬೇರಿಂಗ್ ಸವೆಯುತ್ತದೆ, ಬೇಸಿಗೆಯಲ್ಲಿ ವೋಲ್ಟೇಜ್ ಇಳಿದ ದಿನ ಅದೂ ಸುಡುತ್ತದೆ. ಆಗ ಊರಿಗೆ ಊರೇ ಬಿಂದಿಗೆ ಹಿಡಿದು ನಿಲ್ಲುತ್ತದೆ. ತುರ್ತು ಎಂಬ ಕಾರಣಕ್ಕೆ ಟೆಂಡರ್ ಇಲ್ಲದೆ ಖಾಸಗಿ ಟ್ಯಾಂಕರು ಗೊತ್ತುಮಾಡಬೇಕು, ದೂರದ ವರ್ಕ್‌ಶಾಪಿಗೆ ಮೋಟಾರು ಸಾಗಿಸಬೇಕು, ಮಧ್ಯೆ ತಾಲ್ಲೂಕು ಕಚೇರಿಯ ಮುಂದೆ ಖಾಲಿ ಕೊಡಗಳ ಪ್ರತಿಭಟನೆ. ಮೊದಲೇ ವೈಂಡಿಂಗ್ ಮಾಡಿಸಿದ್ದರೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಟ್ಯಾಂಕರ್ ಬಾಡಿಗೆಗೆ ಹೋಗಿರುತ್ತದೆ. ಇದೇ ಕಥೆ ಫಿಲ್ಟರ್ ಬೆಡ್ಡಿನ ಮರಳಿನಲ್ಲಿ, ಮಳೆಗಾಲಕ್ಕೆ ಮುಂಚೆ ಹೂಳೆತ್ತದ ರಾಜಕಾಲುವೆಯಲ್ಲಿ, ಗುಂಡಿ ಸಣ್ಣದಿದ್ದಾಗ ಮುಚ್ಚದ ಡಾಂಬರು ರಸ್ತೆಯಲ್ಲಿ ನಡೆಯುತ್ತದೆ.

ಎರಡನೆಯ ಕತ್ತರಿ ಬೀಳುವುದು ಊರಿನಲ್ಲಿ ಅತಿ ಕಡಿಮೆ ಸಂಬಳದವರ ಮೇಲೆ. ಕರ್ನಾಟಕದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡವಿದೆ. ಬಡಾವಣೆಗಳು ಬೆಳೆದರೂ ಹುದ್ದೆ ಬೆಳೆಯದ ಊರುಗಳಲ್ಲಿ ಇರುವವರ ಮೇಲೆಯೇ ಹೊರೆ ಬೀಳುತ್ತದೆ. ಗುತ್ತಿಗೆಯ ಮಧ್ಯವರ್ತಿಗಳನ್ನು ತೆಗೆದು ನೇರ ಪಾವತಿ ಮತ್ತು ಕಾಯಮಾತಿ ಕೊಡಬೇಕೆಂದು ಪೌರಕಾರ್ಮಿಕರು ನಡೆಸಿದ ಹೋರಾಟಗಳಲ್ಲಿ 2022ರ ಜುಲೈ ಮುಷ್ಕರ ಮುಖ್ಯವಾದದ್ದು. ಅದರ ನಂತರ ರಾಜ್ಯ ಸರ್ಕಾರ 11 ಸಾವಿರಕ್ಕೂ ಹೆಚ್ಚು ಜನರ ನೇಮಕಕ್ಕೆ ಒಪ್ಪಿತು. ಆದರೆ ಕಸದ ವಾಹನಗಳ ಚಾಲಕರು, ಲೋಡರುಗಳು, ವಾಟರ್‌ಮ್ಯಾನ್‌ಗಳು, ಒಳಚರಂಡಿ ಕೆಲಸದವರಲ್ಲಿ ಬಹಳ ಮಂದಿ ಇನ್ನೂ ಹೊರಗುತ್ತಿಗೆಯಲ್ಲೇ ಇದ್ದಾರೆ. ಹಣ ಬಾರದ ತಿಂಗಳು ಅವರ ಸಂಬಳ ನಿಲ್ಲುತ್ತದೆ. ದಿನಸಿ ಅಂಗಡಿಯಲ್ಲಿ ಅವರಿಗೆ ಸಾಲ ಹುಟ್ಟುವುದಿಲ್ಲ, ಮಕ್ಕಳ ಶಾಲೆಯ ಶುಲ್ಕ ಉಳಿಯುತ್ತದೆ. ಪುರಸಭೆಯ ಕೊರತೆಯನ್ನು ಹೀಗೆ ಬಡವರ ಅಡುಗೆಮನೆಗೆ ವರ್ಗಾಯಿಸುವುದು ಆಡಳಿತವಲ್ಲ, ಅನ್ಯಾಯ. ಒಳಚರಂಡಿಯ ಹೊಲಸನ್ನು ಹೀರುವ ಸಕಿಂಗ್ ಯಂತ್ರ ಕೆಟ್ಟು ನಿಂತಾಗ ಈ ಅನ್ಯಾಯ ಪ್ರಾಣಕ್ಕೇ ಬರುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಸಾವಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಎಂದು ನಿಗದಿ ಮಾಡಿ, 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. ಯಂತ್ರದ ರಿಪೇರಿಯನ್ನು ಮುಂದೂಡುವ ಯಾವ ಟಿಪ್ಪಣಿಯೂ ಈ ಕಾನೂನನ್ನು ಮರೆತು ಬರೆದದ್ದಾಗಬಾರದು.

ಯೂಬರಿ: ಮುಚ್ಚಿಟ್ಟ ಲೆಕ್ಕದ ಬೆಲೆ

ಸಣ್ಣ ನಗರವೊಂದು ಪೂರ್ತಿ ನೆಲಕಚ್ಚಿದ ಉದಾಹರಣೆಗಳಲ್ಲಿ ಜಪಾನಿನ ಹೊಕ್ಕೈಡೊ ದ್ವೀಪದ ಯೂಬರಿಯಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಕಲ್ಲಿದ್ದಲ ಗಣಿಗಳ ಈ ಊರಿನಲ್ಲಿ 1960ರಲ್ಲಿ ಸುಮಾರು 1.17 ಲಕ್ಷ ಜನರಿದ್ದರು. ಪೆಟ್ರೋಲಿಯಂ ಯುಗ ಬಂದಂತೆ ಗಣಿಗಳು ಒಂದೊಂದಾಗಿ ನಿಂತವು. 1981ರ ಗಣಿ ದುರಂತದಲ್ಲಿ 93 ಜನ ಸತ್ತರು. 1990ರಲ್ಲಿ ಕೊನೆಯ ಗಣಿಯೂ ಮುಚ್ಚಿತು. ಕಂಪನಿಗಳು ಬಿಟ್ಟುಹೋದ ವಸತಿ, ಆಸ್ಪತ್ರೆ, ನೀರಿನ ವ್ಯವಸ್ಥೆಗಳು ನಗರಾಡಳಿತದ ಹೆಗಲಿಗೆ ಬಿದ್ದವು. ಊರನ್ನು ಪ್ರವಾಸೋದ್ಯಮದಿಂದ ಉಳಿಸಬೇಕೆಂದು ಆಡಳಿತ ಸಾಲ ಮಾಡಿ ಗಣಿ ಇತಿಹಾಸದ ಉದ್ಯಾನ, ಹೋಟೆಲು, ಸ್ಕೀ ತಾಣಗಳಿಗೆ ಹಣ ಸುರಿಯಿತು. ಪ್ರವಾಸಿಗರು ನಿರೀಕ್ಷೆಯಷ್ಟು ಬರಲಿಲ್ಲ. ಆಗಲೂ ಲೆಕ್ಕ ಚೆನ್ನಾಗಿಯೇ ಕಾಣುತ್ತಿತ್ತು, ಏಕೆಂದರೆ ವರ್ಷಾಂತ್ಯದಲ್ಲಿ ಅಲ್ಪಾವಧಿ ಸಾಲ ತಂದು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ತಿರುಗಿಸಿ ಕೊರತೆಯನ್ನು ಮರೆಮಾಡಲಾಗುತ್ತಿತ್ತು.

2006ರಲ್ಲಿ ಇದು ಬಯಲಾಯಿತು. 2007ರಲ್ಲಿ ಯೂಬರಿ ಕೇಂದ್ರ ಸರ್ಕಾರದ ನಿಗಾದಲ್ಲಿ ಹಣಕಾಸು ಪುನಶ್ಚೇತನಕ್ಕೆ ಒಳಪಟ್ಟಿತು. ತೀರಿಸಬೇಕಾದ ಹೊರೆ ಸುಮಾರು 35.3 ಶತಕೋಟಿ ಯೆನ್. ಆ ಹೊತ್ತಿಗೆ ಊರಿನಲ್ಲಿ ಉಳಿದಿದ್ದವರು ಸುಮಾರು 13 ಸಾವಿರ ಜನ. ನೌಕರರ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು, ಉಳಿದವರ ಸಂಬಳವೂ ಕಡಿತವಾಯಿತು. ತೆರಿಗೆ, ಶುಲ್ಕಗಳು ಏರಿದವು. ಪ್ರಾಥಮಿಕ ಶಾಲೆ ಮತ್ತು ಮಾಧ್ಯಮಿಕ ಶಾಲೆಗಳು ವಿಲೀನಗೊಂಡು ಒಂದೊಂದೇ ಉಳಿದವು. 171 ಹಾಸಿಗೆಗಳ ನಗರ ಆಸ್ಪತ್ರೆ 19 ಹಾಸಿಗೆಗಳ ಚಿಕಿತ್ಸಾಲಯವಾಯಿತು. ಊರು ಬಿಡಬಲ್ಲ ಯುವಕರು ಬಿಟ್ಟರು. ತೆರಿಗೆ ಕಟ್ಟುವವರು ಇನ್ನೂ ಕಡಿಮೆಯಾದರು. 2020ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ 7,300ರ ಆಸುಪಾಸಿಗೆ ಬಂದಿತ್ತು. ಖರ್ಚು ಕಡಿತವೊಂದನ್ನೇ ನೆಚ್ಚಿಕೊಂಡರೆ ಊರು ಖಾಲಿಯಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆದರೂ ಯೂಬರಿಯ ಎರಡನೆಯ ಹಂತದಲ್ಲಿ ಕಲಿಯಬೇಕಾದದ್ದಿದೆ. ಟೋಕಿಯೊ ಮಹಾನಗರ ಸರ್ಕಾರದ ನೌಕರರಾಗಿ ಅಲ್ಲಿಗೆ ನೆರವಿಗೆ ಬಂದಿದ್ದ ನವೋಮಿಚಿ ಸುಜುಕಿ 2011ರಲ್ಲಿ, 30ರ ವಯಸ್ಸಿನಲ್ಲಿ, ಮೇಯರ್ ಆದರು. ಚದುರಿಹೋಗಿದ್ದ ಗಣಿ ವಸತಿಗಳ ನಿವಾಸಿಗಳನ್ನು ಊರಿನ ಒಂದು ಭಾಗದಲ್ಲಿ ಕಟ್ಟಿದ ಹೊಸ ಮನೆಗಳಿಗೆ ಹಂತಹಂತವಾಗಿ ತರುವ ಯೋಜನೆ ಮುಂದುವರಿಯಿತು. ಹತ್ತು ಮನೆಗಳಿಗಾಗಿ ಮೈಲುಗಟ್ಟಲೆ ನೀರಿನ ಪೈಪು ಮತ್ತು ಹಿಮ ತೆಗೆಯುವ ರಸ್ತೆ ನಿರ್ವಹಿಸುವ ಹೊರೆ ಇದರಿಂದ ಇಳಿಯುತ್ತದೆ. ನಷ್ಟದ ರೈಲು ಶಾಖಾ ಮಾರ್ಗವನ್ನು ಕಂಪನಿ ಮುಚ್ಚುವ ಮೊದಲೇ, ಬದಲಿ ಬಸ್ ವ್ಯವಸ್ಥೆಗೆ ನೆರವು ಕೊಡುವುದಾದರೆ ಮುಚ್ಚಲು ಒಪ್ಪುವುದಾಗಿ ನಗರಾಡಳಿತವೇ ಪ್ರಸ್ತಾಪ ಇಟ್ಟಿತು. 2019ರ ಮಾರ್ಚ್ 31ರಂದು ಆ ಮಾರ್ಗ ನಿಂತಿತು. ಸೇವೆಯ ರೂಪ ಬದಲಾದರೂ ಪ್ರಯಾಣದ ವ್ಯವಸ್ಥೆ ಉಳಿಯಿತು. ಸುಜುಕಿ ಅದೇ ವರ್ಷ ಹೊಕ್ಕೈಡೊದ ಗವರ್ನರ್ ಆದರು. ಯೂಬರಿಯ ಪಾಠದಿಂದ ಜಪಾನ್ 2007ರಲ್ಲಿ ಕಾಯ್ದೆಯೊಂದನ್ನು ತಂದು, ಪ್ರತಿ ಸ್ಥಳೀಯ ಸಂಸ್ಥೆ ಕೊರತೆ, ಸಾಲದ ಕಂತು, ಮುಂದಿನ ಹೊರೆಗಳನ್ನು ನಿಗದಿತ ಅನುಪಾತಗಳಲ್ಲಿ ಪ್ರತಿವರ್ಷ ಪ್ರಕಟಿಸಬೇಕೆಂದು ವಿಧಿಸಿತು. ಭಾರತದ ಯಾವುದೇ ಸುಧಾರಣೆಗಿಂತ ಮೊದಲು ನಮಗೆ ಬೇಕಾದದ್ದು ಇಂಥ ಮುನ್ನೆಚ್ಚರಿಕೆಯ ಕಾಯ್ದೆ.

ಅಮೆರಿಕದ ಎರಡು ಊರುಗಳು

ಕ್ಯಾಲಿಫೋರ್ನಿಯದ ವಲೇಹೊ ನಗರದ ಜೀವಾಳವಾಗಿದ್ದ ಮೇರ್ ಐಲೆಂಡ್ ನೌಕಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಸುಮಾರು 1.15 ಲಕ್ಷ ಜನಸಂಖ್ಯೆಯ ಊರು ಮನೆಗಳ ಬೆಲೆ ಏರಿಕೆಯಿಂದ ಬಂದ ತೆರಿಗೆಯ ಮೇಲೆ ಕೆಲವು ವರ್ಷ ತಳ್ಳಿತು. ಗೃಹಸಾಲದ ಗುಳ್ಳೆ ಒಡೆದಾಗ ಅದೂ ಹೋಯಿತು. ಸಾಮಾನ್ಯ ನಿಧಿಯ ಮುಕ್ಕಾಲು ಭಾಗದಷ್ಟು ಪೊಲೀಸ್ ಮತ್ತು ಅಗ್ನಿಶಾಮಕ ವೇತನ ಒಪ್ಪಂದಗಳಿಗೇ ಬೇಕಾಗಿತ್ತು. 2008ರ ಮೇ ತಿಂಗಳಲ್ಲಿ ನಗರ ದಿವಾಳಿ ಅರ್ಜಿ ಹಾಕಿತು. ಅಗ್ನಿಶಾಮಕ ಠಾಣೆಗಳು ಮುಚ್ಚಿದವು, ಪೊಲೀಸರ ಸಂಖ್ಯೆ ಕುಸಿಯಿತು. ಮೂರೂವರೆ ವರ್ಷಗಳ ನಂತರ 2011ರ ನವೆಂಬರ್‌ನಲ್ಲಿ ಹೊರಬಂದಾಗ ಮತದಾರರೇ ಶೇ 1ರಷ್ಟು ಹೆಚ್ಚುವರಿ ಮಾರಾಟ ತೆರಿಗೆಗೆ ಒಪ್ಪಿದರು. ಆ ಹಣದ ಒಂದು ಭಾಗವನ್ನು ಹೇಗೆ ಖರ್ಚು ಮಾಡಬೇಕೆಂದು ನಿವಾಸಿಗಳೇ ಮತ ಹಾಕಿ ನಿರ್ಧರಿಸುವ ಪದ್ಧತಿಯನ್ನು 2012ರಲ್ಲಿ ತಂದದ್ದು ಇಡೀ ನಗರಕ್ಕೆ ಅನ್ವಯಿಸಿದಂತೆ ಆ ದೇಶದಲ್ಲೇ ಮೊದಲು.

ರೋಡ್ ಐಲೆಂಡ್ ರಾಜ್ಯದ ಸೆಂಟ್ರಲ್ ಫಾಲ್ಸ್ ಇನ್ನೂ ಚಿಕ್ಕದು, ಸುಮಾರು 19 ಸಾವಿರ ಜನರ ಹಳೆಯ ಗಿರಣಿ ಪಟ್ಟಣ. ಕೊಡುವೆನೆಂದ ಪಿಂಚಣಿಗೆ ಹಣ ಕೂಡಿಡದೆ ಬಂದ ಈ ಊರು 2011ರ ಆಗಸ್ಟ್‌ನಲ್ಲಿ ದಿವಾಳಿಯಾಯಿತು. ನಿವೃತ್ತ ಪೊಲೀಸರು, ಅಗ್ನಿಶಾಮಕರ ಪಿಂಚಣಿ ಶೇ 55ರವರೆಗೆ ಕಡಿತವಾಯಿತು. ಗ್ರಂಥಾಲಯ ಮುಚ್ಚಿದಾಗ ಸ್ವಯಂಸೇವಕರು ಅದನ್ನು ಮತ್ತೆ ತೆರೆದರು.

ಕರ್ನಾಟಕದ ಕಾರ್ಖಾನೆ ಊರುಗಳು

ಒಂದೇ ಉದ್ಯಮವನ್ನು ನಂಬಿದ ಊರುಗಳು ನಮ್ಮಲ್ಲೂ ಇವೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ತಲುಪಿದ್ದ ಕೋಲಾರದ ಚಿನ್ನದ ಗಣಿಗಳು (ಕೆಜಿಎಫ್) 2001ರಲ್ಲಿ ಮುಚ್ಚಿದವು. ಗಣಿ ಪ್ರದೇಶದ ವಸತಿ, ಆಸ್ಪತ್ರೆ, ನೀರುಗಳನ್ನು ಕಂಪನಿಯೇ ನೋಡಿಕೊಳ್ಳುತ್ತಿತ್ತು. ಅದರ ಹಿಂದೆಯೇ ಆ ಆಸರೆಯೂ ಹೋಯಿತು. ಇಂದು ಕೆಜಿಎಫ್‌ನ ಸಾವಿರಾರು ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ದುಡಿಮೆಯ ಊರು ಒಂದು, ನೀರು ಕೊಟ್ಟು ಕಸ ಎತ್ತಬೇಕಾದ ಊರು ಇನ್ನೊಂದು. ಭದ್ರಾವತಿಯಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದಾಗ ಊರೇ ಬೀದಿಗಿಳಿಯಿತು. ಇಂಥ ಊರುಗಳಿಗೆ ಜನಸಂಖ್ಯೆಯ ಲೆಕ್ಕದಲ್ಲಿ ಅನುದಾನ ಹಂಚಿದರೆ ಸಾಲದು. ಕಂಪನಿ ಬಿಟ್ಟುಹೋದ ಪೈಪು, ರಸ್ತೆ, ಹಳೆ ವಸತಿಗಳ ಹೊರೆಯನ್ನೂ ಹಣಕಾಸು ಆಯೋಗ ತೂಗಬೇಕು.

ಉಳಿತಾಯದ ನಿಜವಾದ ಮೂಲಗಳು

ಸೇವೆ ಕಡಿಮೆ ಮಾಡದೆ ಹಣ ಉಳಿಸುವ ಜಾಗಗಳಿವೆ. ಮೊದಲನೆಯದು ನೀರು. ಕೇಂದ್ರ ಸರ್ಕಾರ 2008ರಲ್ಲಿ ನಿಗದಿ ಮಾಡಿದ ಸೇವಾ ಮಾನದಂಡದಂತೆ, ಪಂಪು ಮಾಡಿದ ನೀರಿನಲ್ಲಿ ಸೋರಿಕೆ ಮತ್ತು ಬಿಲ್ಲಿಗೆ ಸಿಗದ ಪಾಲು ಶೇ 20 ಮೀರಬಾರದು. ನಮ್ಮ ಬಹುತೇಕ ಊರುಗಳಲ್ಲಿ ಅದು ಇದಕ್ಕಿಂತ ಹೆಚ್ಚು. ನೀರನ್ನು ಟ್ಯಾಂಕಿಗೆ ಏರಿಸುವ ಕೊಳವೆಯಾದ ರೈಸಿಂಗ್ ಮೇನ್‌ನ ವಾಲ್ವ್ ಸೋರಿಕೆ, ಉಕ್ಕಿ ಹರಿಯುವ ಓವರ್‌ಹೆಡ್ ಟ್ಯಾಂಕು, ಅಕ್ರಮ ನಲ್ಲಿ ಇವೆಲ್ಲ ವಿದ್ಯುತ್ ಕೊಟ್ಟು ಎತ್ತಿದ ನೀರನ್ನು ಚೆಲ್ಲುವ ಬಾಗಿಲುಗಳು. ವಾರ್ಡಿಗೊಂದು ಬಲ್ಕ್ ಮೀಟರ್ ಹಾಕಿ ಎಲ್ಲಿ ಎಷ್ಟು ಹೋಗುತ್ತಿದೆ ಎಂದು ತಿಳಿಯುವುದೇ ಮೊದಲ ಹೆಜ್ಜೆ. ಮಹಾರಾಷ್ಟ್ರದ ಕರಾಡ್ ಪಕ್ಕದ ಮಲ್ಕಾಪುರದಂಥ ಸಣ್ಣ ಊರು ಮನೆಮನೆಗೆ ಮೀಟರ್ ಹಾಕಿ ದಿನವಿಡೀ ನೀರು ಕೊಟ್ಟು ತೋರಿಸಿದೆ. ಬಡವರಿಗೆ ಮೊದಲ ಸ್ಲ್ಯಾಬ್ ಅಗ್ಗವಾಗಿಟ್ಟರೆ ಮೀಟರಿಗೆ ವಿರೋಧವೂ ತಗ್ಗುತ್ತದೆ.

ಎರಡನೆಯದು ಬೀದಿದೀಪ. ಸೋಡಿಯಂ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದರೆ ಅದರ ವಿದ್ಯುತ್ ಸುಮಾರು ಅರ್ಧಕ್ಕಿಳಿಯುತ್ತದೆ. ಹಗಲೆಲ್ಲ ಉರಿಯುವ ದೀಪಕ್ಕೆ ಟೈಮರ್ ಹಾಕಿಸಲು ದೊಡ್ಡ ಯೋಜನೆಯೇನೂ ಬೇಡ. ಕಸದ ವಿಷಯದಲ್ಲಿ ಕೇರಳದ ಆಲಪ್ಪುಳದ ದಾರಿ ನೋಡತಕ್ಕದ್ದು. ಕಸ ಸುರಿಯುತ್ತಿದ್ದ ಸರ್ವೋದಯಪುರಂ ಜನರ ಪ್ರತಿಭಟನೆಯಿಂದ ಆ ಘಟಕ ನಿಂತ ಮೇಲೆ ನಗರಸಭೆ ಮನೆಗಳಲ್ಲೂ ವಾರ್ಡುಗಳಲ್ಲೂ ಹಸಿ ಕಸವನ್ನು ಗೊಬ್ಬರ, ಬಯೊಗ್ಯಾಸ್ ಮಾಡಿಸತೊಡಗಿತು. ಊರಾಚೆ ಸಾಗಿಸದ ಕಸಕ್ಕೆ ಡೀಸೆಲ್ ಖರ್ಚಿಲ್ಲ.

ಆಸ್ತಿ ತೆರಿಗೆಯಲ್ಲಿ ದರ ಏರಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಪಟ್ಟಿಯನ್ನು ಸರಿಮಾಡುವುದು. ಕರ್ನಾಟಕದಲ್ಲಿ 2002ರಿಂದ ಮಾಲೀಕರೇ ತೆರಿಗೆ ಲೆಕ್ಕಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಇದೆ. ನೆಲಮಹಡಿಯೆಂದು ಘೋಷಿಸಿ ಮೇಲೆ ಎರಡು ಅಂತಸ್ತು ಕಟ್ಟಿದ್ದು, ಮನೆಯೆಂದು ಘೋಷಿಸಿ ಕೆಳಗೆ ಅಂಗಡಿ ಇಟ್ಟದ್ದು, ಖಾತೆಯೇ ಇಲ್ಲದ ಬಡಾವಣೆ ಇವನ್ನೆಲ್ಲ ಸ್ಥಳ ಪರಿಶೀಲಿಸಿ ಸೇರಿಸಿದರೆ ಪ್ರಾಮಾಣಿಕವಾಗಿ ಕಟ್ಟುವವರ ಮೇಲೆ ಹೊಸ ಹೊರೆ ಬೀಳುವುದಿಲ್ಲ. ದೊಡ್ಡ ಬಾಕಿದಾರರ ಹೆಸರನ್ನು ಕೈಬಿಟ್ಟು ಸಣ್ಣ ಮನೆಯ ನಲ್ಲಿ ಕಡಿಯುವ ಅಭಿಯಾನಕ್ಕೆ ನೈತಿಕ ಬಲವಿಲ್ಲ. ಪುರಸಭೆ ಮಳಿಗೆಗಳ ಗುತ್ತಿಗೆ ಅವಧಿ ಮುಗಿದರೂ ಹಳೆಯ ಬಾಡಿಗೆಯಲ್ಲೇ ಮುಂದುವರಿಯುವುದು, ಒಳಬಾಡಿಗೆಗೆ ಕೊಟ್ಟು ಲಾಭ ಮಾಡಿಕೊಳ್ಳುವುದು ಇನ್ನೊಂದು ಸೋರಿಕೆ.

ಸಣ್ಣ ಊರುಗಳು ಕೂಡಿ ಮಾಡುವ ಕೆಲಸಗಳೂ ಇವೆ. ಒಂದೊಂದೇ ಊರಿಗೆ ಸಾಲ ಹುಟ್ಟದಿದ್ದಾಗ ತಮಿಳುನಾಡು 2002ರಲ್ಲಿ 13 ಊರುಗಳ ಅಗತ್ಯವನ್ನು ಒಟ್ಟುಗೂಡಿಸಿ ಬಾಂಡ್ ಮೂಲಕ ಸುಮಾರು 30 ಕೋಟಿ ರೂಪಾಯಿ ಎತ್ತಿತು. ಕರ್ನಾಟಕ 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಊರುಗಳ ನೀರಿನ ಯೋಜನೆಗೆ ಇದೇ ಬಗೆಯಲ್ಲಿ 100 ಕೋಟಿ ಸಂಗ್ರಹಿಸಿತು. ಸಾಲಕ್ಕಷ್ಟೇ ಅಲ್ಲ, ಒಂದು ಸಕಿಂಗ್ ಯಂತ್ರ, ಒಬ್ಬ ಪರಿಣತ ಎಲೆಕ್ಟ್ರಿಕಲ್ ಎಂಜಿನಿಯರ್, ಒಂದು ನೀರು ಪರೀಕ್ಷಾ ಪ್ರಯೋಗಾಲಯವನ್ನು ಅಕ್ಕಪಕ್ಕದ ಮೂರು ನಾಲ್ಕು ಪಟ್ಟಣಗಳು ಹಂಚಿಕೊಳ್ಳಬಹುದು.

ನಾಗರಿಕರ ಪಾತ್ರ

ಬಜೆಟ್ ಮಂಡನೆಗೆ ಮುನ್ನ ಪುರಸಭೆ, ನಗರಸಭೆಗಳು ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ಬಹಳ ಊರುಗಳಲ್ಲಿ ಇದಕ್ಕೆ ಬರುವವರು ಬೆರಳೆಣಿಕೆಯಷ್ಟು ಜನ. ಬಂದವರೂ ತಮ್ಮ ಬೀದಿಯ ಚರಂಡಿಯ ಬಗ್ಗೆ ಹೇಳಿ ಹೋಗುತ್ತಾರೆ. ಆ ಸಭೆಗೆ ಹೋಗುವವರು ಕೇಳಬೇಕಾದದ್ದು ಇಷ್ಟು: ಹಿಂದಿನ ವರ್ಷ ಅಂದಾಜಿಸಿದ್ದೆಷ್ಟು, ನಿಜವಾಗಿ ಬಂದದ್ದೆಷ್ಟು, ಪಾವತಿಯಾಗದ ಬಿಲ್ಲುಗಳ ಮೊತ್ತವೆಷ್ಟು, ಹೊರಗುತ್ತಿಗೆ ನೌಕರರಿಗೆ ಯಾವ ತಿಂಗಳವರೆಗೆ ಸಂಬಳವಾಗಿದೆ, ಸ್ಟ್ಯಾಂಡ್‌ಬೈ ಪಂಪು ಓಡುತ್ತದೆಯೇ. ಉತ್ತರವನ್ನು ಲಿಖಿತವಾಗಿ ಪಡೆಯಿರಿ, ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.